ಅಟ್ಟದ ಮೇಲಿನ ಆಟದ ಪೆಟ್ಟಿಗೆ

ದೀಪಾವಳಿ ಹತ್ತಿರ ಬಂತೆಂದರೆ ಮುಂಬಯಿಯ ನಮ್ಮ ಮನೆಗಳಲ್ಲಿ ಅಟ್ಟ ಇಳಿಸುವ ಕೆಲಸ ಮೊದಲಾಗುತ್ತದೆ. ಊರಿನ ಮನೆಯ ಅಟ್ಟ ದೊಡ್ಡದು. ಅಲ್ಲಿ ಅಜ್ಜನ ಕಾಲದ ಸಾಮಾನೂ ಯಾರಿಗೂ ತೊಂದರೆ ಕೊಡದೆ ಮಲಗಿರಬಹುದು. ಇಲ್ಲಿಯ ಅಟ್ಟವೋ, ಅಡಿಗೆಮನೆಯ ಬಾಗಿಲ ಮೇಲಿನ ಒಂದು ಗೂಡು. ಗಣಪತಿಯ ಮಂಟಪ, ಮಗುವಿನ ತೊಟ್ಟಿಲು, ಊರಿನಿಂದ ತಂದ ತಾಮ್ರದ ಹಂಡೆ, ಇವುಗಳ ಹಿಂದೆ ಹಳೆಯ ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಪ್ಲಾಸ್ಟಿಕ್ ಪೆಟ್ಟಿಗೆ ಎಷ್ಟೋ ಮನೆಗಳಲ್ಲಿ ಇನ್ನೂ ಉಂಟು. ೧೯೯೦ರ ಆಚೀಚೆ ಹುಡುಗರಾಗಿದ್ದವರು ಅದನ್ನು ಕಂಡ ಕೂಡಲೆ ಗುರುತು ಹಿಡಿದಾರು: ಟಿ.ವಿ.ಗೆ ತಂತಿ ಹಚ್ಚಿ ಆಡುವ ವಿಡಿಯೋ ಗೇಮು.

ಈಗ ಅಟ್ಟ ಇಳಿಸುವುದಕ್ಕೆ ದೀಪಾವಳಿಯೇ ಬರಬೇಕೆಂದಿಲ್ಲ. ಮಾಟುಂಗಾದಿಂದ ಡೊಂಬಿವಲಿಯವರೆಗೆ ಹಳೆಯ ಕಟ್ಟಡಗಳಿಗೆಲ್ಲ ಇದು ಪುನರ್ನಿರ್ಮಾಣದ ಕಾಲ. ಸೊಸೈಟಿಯ ನೋಟೀಸು ಬಂತು, ಬಾಡಿಗೆಯ ಮನೆ ಗೊತ್ತಾಯಿತು, ಟೆಂಪೋದವನು ಭಾನುವಾರ ಬರುತ್ತೇನೆಂದ. ಶನಿವಾರ ರಾತ್ರಿಯೊಳಗೆ ಮೂವತ್ತು ವರ್ಷದ ಸಂಸಾರವನ್ನು ರಟ್ಟಿನ ಡಬ್ಬಗಳಿಗೆ ತುಂಬಬೇಕು. ಆಗ ಯಾವುದು ಉಳಿಯುತ್ತದೆ, ಯಾವುದು ಭಂಗಾರದವನ ಪಾಲಾಗುತ್ತದೆ ಎಂಬುದು ನಿಧಾನವಾಗಿ ಯೋಚಿಸಿ ಮಾಡುವ ತೀರ್ಮಾನವಲ್ಲ. ಹಂಡೆಗೆ ತೂಕವಿದೆ, ಬೆಲೆಯಿದೆ, ಅದು ಉಳಿಯುತ್ತದೆ. ಪ್ಲಾಸ್ಟಿಕ್ ಪೆಟ್ಟಿಗೆ ತೂಗಿದರೆ ಒಂದು ಕಿಲೋ ಬರುವುದಿಲ್ಲ. ಅದು ಕುರ್ಲಾದ ದಾರಿ ಹಿಡಿಯುತ್ತದೆ.

ಹಳೆಯ ವಿಡಿಯೋ ಗೇಮುಗಳನ್ನು ಹುಡುಕಿ ತಂದು, ಬಿಚ್ಚಿ, ಸರಿಪಡಿಸಿ, ಮತ್ತೆ ಆಡುವ ಹವ್ಯಾಸ ನಮ್ಮ ಬಳಗದ ಕೆಲವು ತರುಣರಲ್ಲಿ ಬೆಳೆದಿದೆ. ತರುಣರು ಎಂದೆವು, ತಲೆಯಲ್ಲಿ ಒಂದೆರಡು ಬಿಳಿಗೂದಲು ಕಾಣಿಸಿಕೊಂಡವರೇ ಹೆಚ್ಚು. ಮನೆಯವರ ಗೊಣಗಾಟ ಅವರಿಗೆ ತಪ್ಪಿದ್ದಲ್ಲ. ಸಾರಸ್ವತವಲ್ಲದ ಈ ವಿಷಯಕ್ಕೆ ಅಂಕಣವೇಕೆ ಎಂದು ಕೇಳುವ ಹಿರಿಯರು ತುಸು ತಾಳ್ಮೆಯಿಂದ ಮುಂದೆ ಓದಬೇಕಾಗಿ ಪ್ರಾರ್ಥನೆ.

ಈ ಪೆಟ್ಟಿಗೆಯ ಮೂಲಪುರುಷ ಜಪಾನಿನವನು. ಕ್ಯೋಟೋ ನಗರದಲ್ಲಿ ೧೮೮೯ರಲ್ಲಿ ಹೂವಿನ ಚಿತ್ರದ ಆಟದೆಲೆಗಳನ್ನು ಮಾಡುವ ಅಂಗಡಿಯಾಗಿ ಹುಟ್ಟಿದ ನಿಂಟೆಂಡೋ ಸಂಸ್ಥೆ, ೧೯೮೩ರ ಜುಲೈ ೧೫ರಂದು ಫ್ಯಾಮಿಕಾಮ್ ಎಂಬ ಯಂತ್ರವನ್ನು ೧೪,೮೦೦ ಯೆನ್ ಬೆಲೆಗೆ ಮಾರಾಟಕ್ಕೆ ತಂದಿತು. ಅದನ್ನು ರೂಪಿಸಿದ ಇಂಜಿನಿಯರು ಮಸಾಯುಕಿ ಉಎಮುರಾ. ಅವರು ೨೦೨೧ರಲ್ಲಿ ತೀರಿಕೊಂಡರು. ಫ್ಯಾಮಿಲಿ ಕಂಪ್ಯೂಟರ್ ಎಂಬುದರ ಮೊಟಕು ರೂಪವೇ ಫ್ಯಾಮಿಕಾಮ್. ಕುಟುಂಬಪತ್ರಿಕೆಯಲ್ಲಿ ಅದರ ಮಾತೆತ್ತುವುದಕ್ಕೆ ನಮಗೆ ಇದೊಂದು ನೆವ ಸಾಕು.

ಅಸಲು ಫ್ಯಾಮಿಕಾಮ್ ನಮ್ಮ ಮನೆಗಳಿಗೆ ಬಂದದ್ದು ಅಪರೂಪ. ಆಮದು ಸುಂಕದ ಗೋಡೆ ಎತ್ತರವಾಗಿದ್ದ ಕಾಲ ಅದು. ನಿಂಟೆಂಡೋದ ಎದುರಾಳಿಯಾದ ಸೆಗಾ ಸಂಸ್ಥೆ ೧೯೯೫ರಲ್ಲಿ ಶಾ ವಾಲೆಸ್ ಕಂಪನಿಯ ಮೂಲಕ ನಮ್ಮ ದೇಶದಲ್ಲಿ ವ್ಯಾಪಾರಕ್ಕಿಳಿದಾಗಲೂ ಅದರ ಮೆಗಾ ಡ್ರೈವ್ ಪೆಟ್ಟಿಗೆಯ ಬೆಲೆ ೧೮,೦೦೦ ರೂಪಾಯಿ. ಶಾ ವಾಲೆಸ್ ಎಂದರೆ ಮದ್ಯದ ಬಾಟಲಿ ನೆನಪಾಗುವ ಮಂದಿಗೆ ಈ ಸಂಗತಿ ಸೋಜಿಗವೆನಿಸೀತು. ಅದಿರಲಿ, ಅಷ್ಟು ಹಣ ಕೊಟ್ಟು ಆಟಿಕೆ ಕೊಳ್ಳುವ ಗುಮಾಸ್ತನಾಗಲಿ ಹೋಟೆಲಿನ ಮ್ಯಾನೇಜರನಾಗಲಿ ಆಗ ಇರಲಿಲ್ಲ.

ನಮಗೆ ಸಿಕ್ಕಿದ್ದು ನಕಲು. ತೈವಾನಿನಲ್ಲಿ ಫ್ಯಾಮಿಕಾಮಿನ ಚಿಪ್ಪುಗಳನ್ನು ನೋಡಿ ಮಾಡಿದ ಚಿಪ್ಪುಗಳು, ಅವುಗಳನ್ನು ತುಂಬಿದ ಅಗ್ಗದ ಪೆಟ್ಟಿಗೆಗಳು. ‘ಸಮುರಾಯ್’ ಎಂದು ಕೆಲವದರ ಹೆಸರು, ‘ಲಿಟಲ್ ಮಾಸ್ಟರ್’ ಎಂದು ಇನ್ನು ಕೆಲವದರದು, ‘ಟರ್ಮಿನೇಟರ್’ ಎಂದು ಮತ್ತೆ ಕೆಲವದರದು. ದುಬೈ, ಬಹರೈನ್, ಕುವೈತಿನಿಂದ ರಜೆಗೆ ಬಂದ ಸೋದರಮಾವ ಸಹಾರ್ ವಿಮಾನನಿಲ್ದಾಣದಲ್ಲಿ ಇಳಿದು, ಮಂಗಳೂರು ಬಸ್ಸು ಹತ್ತುವ ಮೊದಲು ಅಂಧೇರಿಯ ಅಕ್ಕನ ಮನೆಯಲ್ಲಿ ಚೀಲ ಬಿಚ್ಚಿದಾಗ, ಟ್ಯಾಂಗ್ ಪುಡಿಯ ಡಬ್ಬ, ನೈಲಾನ್ ಸೀರೆ, ಕೊಡಾಲಿ ತೈಲ ಇವುಗಳ ಸಂಗಡ ಇದೂ ಹೊರಬೀಳುತ್ತಿತ್ತು. ಮಾವಂದಿರಿಲ್ಲದವರು ಗ್ರಾಂಟ್ ರೋಡಿನಲ್ಲಿ ಇಳಿದು ಲ್ಯಾಮಿಂಗ್ಟನ್ ರಸ್ತೆಗೆ ನಡೆದು ಹೋಗುತ್ತಿದ್ದರು. ಆ ರಸ್ತೆಗೆ ಡಾಕ್ಟರ್ ಭಡಕಮಕರ್ ಮಾರ್ಗವೆಂದು ಹೆಸರಿಟ್ಟು ಎಷ್ಟೋ ಕಾಲವಾಯಿತು. ಬಿಡಿಭಾಗ ಕೊಳ್ಳುವವರ ಬಾಯಲ್ಲಿ ಮಾತ್ರ ಅದು ಲ್ಯಾಮಿಂಗ್ಟನ್ನೇ.

ಆಟವನ್ನು ಹೊತ್ತ ತುಂಡಿಗೆ ನಮ್ಮ ಮಕ್ಕಳು ‘ಕ್ಯಾಸೆಟ್’ ಎಂದರು. ಅದರಲ್ಲಿ ಸುತ್ತುವ ಟೇಪಿಲ್ಲ, ಇರುವುದು ಚಿಪ್ಪು ಕೂರಿಸಿದ ಒಂದು ಹಸಿರು ಹಲಗೆ. ಕೈಯಲ್ಲಿ ಹಿಡಿಯುವ ಗುಂಡಿಯ ಪಟ್ಟಿಗೆ ‘ರಿಮೋಟ್’ ಎಂದರು. ಅದಕ್ಕೆ ಮಾರುದ್ದದ ತಂತಿ. ನಾವೂ ಆ ಹೆಸರುಗಳನ್ನೇ ಬಳಸುತ್ತೇವೆ. ಕ್ಯಾಸೆಟ್ಟಿನ ಮೇಲೆ ‘೯೯೯೯೯೯ ಆಟಗಳು’ ಎಂದು ಅಚ್ಚಾಗಿರುತ್ತಿತ್ತು. ಎಣಿಸುತ್ತ ಹೋದರೆ ಐದಾರು ಆಟಗಳೇ ಬೇರೆ ಬೇರೆ ಹೆಸರು ಹೊತ್ತು ಸರದಿಯಲ್ಲಿ ಮತ್ತೆ ಮತ್ತೆ ಬರುತ್ತಿದ್ದವು. ಮಕ್ಕಳು ಮೋಸಹೋದೆವೆಂದು ಅತ್ತದ್ದನ್ನು ನಾವು ಕಾಣೆವು.

ಈಗ ಆಕ್ಷೇಪಣೆಗೆ ಬರೋಣ. ನಕಲು ಸಾಮಾನನ್ನು ಕೂಡಿಡುವುದುಂಟೆ? ಹೊರದೇಶದ ಸಂಗ್ರಾಹಕರು ಅಸಲು ಪೆಟ್ಟಿಗೆಗಳನ್ನು, ಅದರಲ್ಲೂ ಮೊಹರು ಒಡೆಯದವನ್ನು, ಗಾಜಿನ ಹಿಂದೆ ಇಡುತ್ತಾರೆ. ಇಲ್ಲಿಯೂ ಕೆಲವರು ಅವರಂತೆ ಅಮೆರಿಕದಿಂದ ಅಸಲು ತರಿಸಿ, ಮನೆಯ ಸಮುರಾಯನ್ನು ಕಸಕ್ಕೆ ಹಾಕಿದ್ದುಂಟು. ಇದು ಸರಿಯೆಂದು ನಮಗೆ ತೋರದು. ೨೦೨೪ರ ಅಕ್ಟೋಬರಿನಲ್ಲಿ ನಿಂಟೆಂಡೋದವರು ಕ್ಯೋಟೋದ ಬಳಿಯ ಉಜಿ ಊರಿನಲ್ಲಿ ತಮ್ಮದೇ ಒಂದು ವಸ್ತುಸಂಗ್ರಹಾಲಯ ತೆರೆದರು. ಒಂದು ಕಾಲಕ್ಕೆ ಆಟದೆಲೆ ತಯಾರಿಸಿ, ಆಮೇಲೆ ಕೆಟ್ಟ ಯಂತ್ರಗಳ ರಿಪೇರಿ ನಡೆಯುತ್ತಿದ್ದ ಹಳೆಯ ಕಾರ್ಖಾನೆಯೇ ಅದಕ್ಕೆ ಮನೆಯಾಗಿದೆ. ಅಸಲು ಫ್ಯಾಮಿಕಾಮಿಗೆ ಅಲ್ಲಿ ರಕ್ಷಣೆಯುಂಟು. ನಮ್ಮ ‘ಲಿಟಲ್ ಮಾಸ್ಟರ್’ಗೆ ಅಲ್ಲಿ ಮಣೆ ಹಾಕಿಯಾರೆಂದು ನಂಬುವಂತಿಲ್ಲ, ಅವರ ಕಣ್ಣಿಗೆ ಅದು ಕಳ್ಳಮಾಲು. ಮುಂಬಯಿಯ ಕನ್ನಡ ಮನೆಯ ಹುಡುಗ ಏನನ್ನು ಆಡಿದನೆಂಬುದಕ್ಕೆ ಸಾಕ್ಷಿ ಉಳಿಯುವುದಿದ್ದರೆ ಅದು ಮುಂಬಯಿಯ ಅಟ್ಟದಲ್ಲಿಯೇ ಉಳಿಯಬೇಕು.

ಮತ್ತೆ, ನಕಲೆಂದರೆ ಬರಿಯ ನಕಲೂ ಅಲ್ಲ. ಇದು ಸ್ವಲ್ಪ ವಿವರಿಸಿ ಹೇಳಬೇಕಾದ ಮಾತು. ಜಪಾನಿನ ಟಿ.ವಿ. ಪದ್ಧತಿಯೇ ಬೇರೆ: ಸೆಕೆಂಡಿಗೆ ೬೦ ಸಲ ಪರದೆ ತುಂಬುತ್ತದೆ, ಚಿತ್ರಕ್ಕೆ ೫೨೫ ಗೆರೆ. ನಮ್ಮದು ಪಾಲ್ ಪದ್ಧತಿ: ೫೦ ಸಲ, ೬೨೫ ಗೆರೆ. ೧೯೮೨ರಲ್ಲಿ ದೂರದರ್ಶನಕ್ಕೆ ಬಣ್ಣ ಬಂದದ್ದೂ ಅದೇ ಪದ್ಧತಿಯಲ್ಲಿ. ಜಪಾನಿನ ಪೆಟ್ಟಿಗೆಯನ್ನು ನೇರವಾಗಿ ತಂದು ಆ ಕಾಲದ ನಮ್ಮ ಟಿ.ವಿ.ಗೆ ಹಚ್ಚಿದರೆ ಬಣ್ಣ ಹೋಗಿ ಕಪ್ಪುಬಿಳುಪಾಗುವುದು, ಇಲ್ಲವೆ ಚಿತ್ರ ಉರುಳುತ್ತಲೇ ಇರುವುದು. ನಿಂಟೆಂಡೋದವರು ಯುರೋಪಿಗಾಗಿ ಪಾಲ್ ಪದ್ಧತಿಯ ಯಂತ್ರ ಮಾಡಿದಾಗ ಅದರ ಮಿದುಳಿನ ವೇಗವನ್ನೂ ತಗ್ಗಿಸಬೇಕಾಯಿತು. ಜಪಾನಿನ ಕ್ಯಾಸೆಟ್ಟುಗಳು ಅದರಲ್ಲಿ ಎಡವುತ್ತಿದ್ದವು, ಹಾಡಿನ ಶ್ರುತಿಯೂ ಇಳಿಯುತ್ತಿತ್ತು. ತೈವಾನಿನ ಯು.ಎಂ.ಸಿ. ಕಂಪನಿಯ ನಕಲು ಚಿಪ್ಪನ್ನು ಮಾಡಿದವರು ಬೇರೊಂದು ಉಪಾಯ ಹೂಡಿದರು. ಮಿದುಳಿನ ವೇಗವನ್ನು ಜಪಾನಿನ ಅಸಲಿಗೆ ಬಹು ಸಮೀಪ ಇಟ್ಟುಕೊಂಡು, ಪಾಲ್ ಪದ್ಧತಿಯಲ್ಲಿ ಹೆಚ್ಚಾಗಿ ಬರುವ ಗೆರೆಗಳ ಹೊತ್ತಿನಲ್ಲಿ ಯಂತ್ರ ಸುಮ್ಮನೆ ಕಾಯುವಂತೆ ಮಾಡಿದರು. ಹೀಗಾಗಿ ಜಪಾನಿನ ಆಟಗಳು ನಮ್ಮ ಟಿ.ವಿ.ಯಲ್ಲಿ ಯುರೋಪಿನ ಅಸಲಿಗಿಂತ ನಕಲಿನಲ್ಲಿಯೇ ಚೆನ್ನಾಗಿ ನಡೆದವು. ಕದ್ದವನೂ ಕೆಲಸ ಬಲ್ಲವನೇ ಆಗಿದ್ದ!

ಒಂದೇ ವ್ಯತ್ಯಾಸ. ಸೆಕೆಂಡಿಗೆ ೬೦ ಹೆಜ್ಜೆ ಹಾಕಬೇಕಾದ ಆಟ ಇಲ್ಲಿ ೫೦ ಹೆಜ್ಜೆ ಹಾಕಿತು. ೧೯೮೫ರ ಪ್ರಸಿದ್ಧ ಮಾರಿಯೋ ಆಟದ ಮೀಸೆಯ ನಾಯಕ ಜಪಾನಿನಲ್ಲಿ ಓಡಿದ್ದಕ್ಕಿಂತ ಆರರಲ್ಲಿ ಒಂದು ಪಾಲು ನಿಧಾನವಾಗಿ ನಮ್ಮ ಚಾಳಿನಲ್ಲಿ ಓಡಿದ. ಅದರ ಹಾಡೂ ಶ್ರುತಿ ಬಿಡದೆ ವಿಳಂಬ ಕಾಲದಲ್ಲಿ ನಡೆಯಿತು. ನಮ್ಮ ಮಕ್ಕಳ ಕಿವಿಯಲ್ಲಿ ಉಳಿದಿರುವುದು ಆ ವಿಳಂಬದ ಹಾಡು. ಅಸಲು ಯಂತ್ರ ತರಿಸಿ ಆಡಿದವರು “ಏನೋ ಅವಸರದಲ್ಲಿದೆಯಲ್ಲ!” ಎನ್ನುವುದು ಇದರಿಂದಲೇ.

ಇನ್ನು ರಿಪೇರಿ. ಈ ಹಳೆಯ ಪೆಟ್ಟಿಗೆಗಳ ದೊಡ್ಡ ಗುಣವೆಂದರೆ ಮನುಷ್ಯನ ಕೈ ಒಳಗೆ ಹೋಗುತ್ತದೆ. ಅಡಿಯಲ್ಲಿ ನಾಲ್ಕಾರು ತಿರುಪು. ಬಿಚ್ಚಿದರೆ ಒಂದು ಹಲಗೆ, ಎಣಿಸಬಹುದಾದಷ್ಟು ಭಾಗಗಳು. ಅಂಟು ಹಾಕಿ ಮುಚ್ಚಿದ ಈಗಿನ ಮೊಬೈಲಿನಂತಲ್ಲ. ಆದರೂ ಕೆಲವು ಎಚ್ಚರಿಕೆ ಬೇಕು.

ಅಟ್ಟದಿಂದ ಇಳಿಸಿದ ಪೆಟ್ಟಿಗೆಯನ್ನು ಆತುರದಿಂದ ಪ್ಲಗ್ಗಿಗೆ ಸಿಕ್ಕಿಸಬಾರದು. ಮೊದಲು ಅಡಾಪ್ಟರನ್ನು ನೋಡಿ. ಅಸಲು ಫ್ಯಾಮಿಕಾಮಿನ ಅಡಾಪ್ಟರು ಜಪಾನಿನ ೧೦೦ ವೋಲ್ಟಿಗೆ ಮಾಡಿದ್ದು, ಅಮೆರಿಕದ್ದು ೧೨೦ ವೋಲ್ಟಿಗೆ. ನಮ್ಮ ಗೋಡೆಯಲ್ಲಿರುವುದು ೨೩೦. ನ್ಯೂಜರ್ಸಿಯ ಅಳಿಯ ಪ್ರೀತಿಯಿಂದ ತಂದುಕೊಟ್ಟದ್ದು ಒಂದೇ ನಿಮಿಷದಲ್ಲಿ ಹೊಗೆಯಾಗಬಹುದು. ಹಾಗೆಂದು ಕೈಗೆ ಸಿಕ್ಕಿದ ೯ ವೋಲ್ಟಿನ ಅಡಾಪ್ಟರು ಹಚ್ಚುವುದೂ ತಪ್ಪು. ಪಿನ್ನಿನ ಒಳಭಾಗ ಧನವೋ ಋಣವೋ ಎಂಬುದು ಪೆಟ್ಟಿಗೆಯಿಂದ ಪೆಟ್ಟಿಗೆಗೆ ಬದಲಾಗುತ್ತದೆ. ಫ್ಯಾಮಿಕಾಮಿನದು ಒಳಗೆ ಋಣ. ಹಿಂಬದಿಯ ಚೀಟಿಯ ಮೇಲಿನ ಗುರುತು ನೋಡಿ, ಮೀಟರು ಹಿಡಿದು ಖಚಿತ ಮಾಡಿಕೊಂಡು ಮುಂದುವರಿಯಿರಿ.

ದೀಪ ಹತ್ತದಿದ್ದರೆ ಸ್ವಿಚ್ಚು, ತಂತಿ, ಆಮೇಲೆ ೭೮೦೫ ಎಂಬ ಮೂರು ಕಾಲಿನ ಸಣ್ಣ ಭಾಗ, ಈ ಕ್ರಮದಲ್ಲಿ ನೋಡುವುದು. ಒಳಬಂದ ವಿದ್ಯುತ್ತನ್ನು ೫ ವೋಲ್ಟಿಗೆ ತಂದು ನಿಲ್ಲಿಸುವುದು ೭೮೦೫ರ ಕೆಲಸ. ಲ್ಯಾಮಿಂಗ್ಟನ್ ರಸ್ತೆಯಲ್ಲಿ ಆ ಸಂಖ್ಯೆ ಹೇಳಿದರೆ ಸಾಕು, ಒಂದು ಕಪ್ ಚಹದ ಆಚೀಚೆಯ ಬೆಲೆಗೆ ಕೈಗಿಡುತ್ತಾರೆ. ಚಿತ್ರ ನಡುಗಿದರೆ, ಗುಂಯ್ ಎಂಬ ಸದ್ದು ಬಂದರೆ, ಕೆಪಾಸಿಟರುಗಳ ಮೇಲೆ ಸಂಶಯಪಡಬೇಕು. ಅವುಗಳೊಳಗಿನ ದ್ರವ ಕಾಲಕ್ರಮದಲ್ಲಿ ಒಣಗುತ್ತದೆ. ಪೆಟ್ಟಿಗೆಯನ್ನು ಬಳಸದೆ ಜೋಪಾನವಾಗಿ ಇಟ್ಟರೂ ಒಣಗುತ್ತದೆ. ಮೊಹರು ಒಡೆಯದ ಪೆಟ್ಟಿಗೆಗೆ ಹೆಚ್ಚು ಬೆಲೆ ಕೊಡುವವರು ಇದನ್ನು ನೆನಪಿಡುವುದು ಒಳ್ಳೆಯದು.

ಕ್ಯಾಸೆಟ್ಟಿಗೆ ಬಾಯಿಯಿಂದ ಊದುವ ಪದ್ಧತಿ ಜಪಾನಿನಿಂದ ಜೋಗೇಶ್ವರಿಯವರೆಗೆ ಎಲ್ಲ ಮಕ್ಕಳಿಗೂ ಯಾರೂ ಹೇಳಿಕೊಡದೆ ಬಂದಿತ್ತು. ಊದಿದರೆ ಆಟ ಬರುತ್ತಿದ್ದುದು ನಿಜ. ಬರುತ್ತಿದ್ದುದು ಊದಿದ್ದರಿಂದಲ್ಲ, ತೆಗೆದು ಮತ್ತೆ ಹಾಕಿದಾಗ ತಾಮ್ರದ ಹಲ್ಲುಗಳು ಉಜ್ಜಿಕೊಂಡು ಹೊಸ ಜಾಗದಲ್ಲಿ ಕೂರುತ್ತಿದ್ದುದರಿಂದ. ಬಾಯಿಯ ತೇವ ಆ ಹಲ್ಲುಗಳಿಗೆ ಕಿಲುಬು ತರಿಸುತ್ತದೆ. ನಿಂಟೆಂಡೋದವರೇ ಊದಬೇಡಿರೆಂದು ಹೇಳಿದ್ದರು. ಸಮುದ್ರದ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ, ಇವೆರಡೂ ಇರುವ ನಮ್ಮೂರಲ್ಲಿ ನಾವೂ ಸೇರಿ ಊದುವುದು ಬೇಡ. ಐಸೋಪ್ರೊಪೈಲ್ ಆಲ್ಕೊಹಾಲನ್ನು, ಅಂಗಡಿಯವರ ಮಾತಿನಲ್ಲಿ ಐ.ಪಿ.ಎ., ಹತ್ತಿಯ ಕಡ್ಡಿಗೆ ಹಚ್ಚಿ ಹಲ್ಲುಗಳನ್ನು ಒರೆಸಿ, ಒಣಗಿದ ಮೇಲೆ ಹಾಕಿದರೆ ಅರ್ಧಕ್ಕೆ ಮಿಕ್ಕ ಕ್ಯಾಸೆಟ್ಟುಗಳು ಎದ್ದು ಕೂರುತ್ತವೆ. ಇದು ನಮ್ಮ ಬಳಗದವರ ಅನುಭವ.

ರಿಮೋಟಿನ ಗುಂಡಿ ಕೆಲಸ ಮಾಡದಿದ್ದರೆ ತಂತಿ ಪೆಟ್ಟಿಗೆಯೊಳಗೆ ಹೊಗುವ ಕಡೆ ತುಂಡಾಗಿರುವುದೇ ಹೆಚ್ಚು. ಸೋತ ಸಿಟ್ಟಿನಲ್ಲಿ ತಂತಿ ಹಿಡಿದೆಳೆದ ಅಣ್ಣಂದಿರ ನೆನಪು ಅನೇಕರಿಗೆ ಇದ್ದೀತು. ಎರಡಂಗುಲ ಕತ್ತರಿಸಿ ಹೊಸದಾಗಿ ಬೆಸೆದರೆ ಸರಿಹೋಗುತ್ತದೆ. ಕೊನೆಯದೊಂದು ಮಾತು ನಿರಾಶೆಯದು. ಅಗ್ಗದ ಪೆಟ್ಟಿಗೆಗಳಲ್ಲಿ ಇಡೀ ಯಂತ್ರವೇ ಒಂದು ಚಿಪ್ಪಿನಲ್ಲಡಗಿ, ಅದರ ಮೇಲೆ ಡಾಂಬರಿನ ತೊಟ್ಟಿನಂತೆ ಕರಿಯ ಅಂಟು ಸುರಿದಿರುತ್ತದೆ. ಆ ತೊಟ್ಟಿನೊಳಗೆ ಕೆಟ್ಟರೆ ಬ್ರಹ್ಮನೂ ಏನೂ ಮಾಡಲಾರ. ಹಾಗೆ ಸತ್ತ ಪೆಟ್ಟಿಗೆಯನ್ನೂ ಎಸೆಯದಿರಿ; ಅದರ ಗುಂಡಿ, ಸ್ವಿಚ್ಚು, ಹೊದಿಕೆ ಇನ್ನೊಂದಕ್ಕೆ ಆಗಿಬರುತ್ತವೆ.

ಹಕ್ಕಿ ಹೊಡೆಯುವ ಪ್ಲಾಸ್ಟಿಕ್ ಬಂದೂಕಿನ ಬಗ್ಗೆ ಕೇಳುವವರುಂಟು. ಕುದುರೆ ಅದುಮಿದ ಕ್ಷಣ ಪರದೆ ಕಪ್ಪಾಗಿ, ಹಕ್ಕಿಯಿದ್ದ ಕಡೆ ಮಾತ್ರ ಒಂದು ಬಿಳಿಯ ಚೌಕ ಮಿಂಚುತ್ತದೆ; ಬಂದೂಕಿನ ಕೊಳವೆಯೊಳಗಿನ ಕಣ್ಣು ಆ ಬೆಳಕನ್ನು ಕಂಡರೆ ಹಕ್ಕಿ ಬೀಳುತ್ತದೆ. ಹಳೆಯ ದಪ್ಪ ಟಿ.ವಿ.ಯಲ್ಲಿ ಬೆಳಕು ಆ ಕ್ಷಣವೇ ಬರುತ್ತಿತ್ತು. ಈಗಿನ ತೆಳ್ಳನೆಯ ಟಿ.ವಿ. ಚಿತ್ರವನ್ನು ಸ್ವಲ್ಪ ತಡೆದು ತೋರಿಸುವುದರಿಂದ ಬಂದೂಕು ಕುರುಡಾಗುತ್ತದೆ. ಹಾಗಾಗಿ ಬಂದೂಕಿದ್ದವರಿಗೆ ದಪ್ಪ ಟಿ.ವಿ.ಯೂ ಬೇಕು. ಆ ಟಿ.ವಿ. ಕೆಟ್ಟರೆ ಮಾತ್ರ ಮನೆಯಲ್ಲಿ ಯಾರೂ ಬಿಚ್ಚಬಾರದು. ಪ್ಲಗ್ಗು ತೆಗೆದ ಮೇಲೂ ಗಾಜಿನ ಬುರುಡೆಯಲ್ಲಿ ಸಾವಿರಾರು ವೋಲ್ಟು ಕಾದು ಕೂತಿರುತ್ತದೆ.

ಡೊಂಬಿವಲಿಯ ನಮ್ಮ ಹಿರಿಯ ಓದುಗರೊಬ್ಬರ ಮನೆಯ ಸಂಗತಿ ಹೇಳಬೇಕು. ಧಾರವಾಡದ ಕಡೆಯವರು, ನಿವೃತ್ತರು. ಕಟ್ಟಡ ಬೀಳಿಸುವ ನೋಟೀಸು ಬಂತು. ಮಗ ಹೊರದೇಶದಲ್ಲಿ. ಅಟ್ಟದಿಂದ ಇಳಿದ ಪೆಟ್ಟಿಗೆಯನ್ನು ಯಜಮಾನರು ಭಂಗಾರದ ರಾಶಿಗೆ ಸೇರಿಸಿದಾಗ ಮನೆಯಾಕೆ, “ಅದನ್ನ ಒಗೀಬ್ಯಾಡ್ರೀ, ಒಮ್ಮೆ ಯಾರಿಗರೆ ತೋರಿಸ್ಕೊಂಡ್ ಬರ್ರಿ” ಎಂದರಂತೆ. ೧೯೯೪ರ ಬೋನಸ್ಸಿನಲ್ಲಿ ತಂದದ್ದು ಅದು. ಆ ವರ್ಷ ತಮಗೆ ಸೀರೆ ಬೇಡವೆಂದು ಹೇಳಿದ್ದು ಆಕೆಯೇ. ಮಗ ಬೇರೆಯವರ ಮನೆಯ ಬಾಗಿಲಲ್ಲಿ ನಿಂತು ಆಟ ನೋಡುವುದು ಆಕೆಗೆ ಸಹಿಸಿರಲಿಲ್ಲ. ಯಜಮಾನರು ಚೀಲದಲ್ಲಿ ಹಾಕಿಕೊಂಡು ಗ್ರಾಂಟ್ ರೋಡಿಗೆ ಬಂದರು. ಮೂರು ಅಂಗಡಿಯವರು ಕೈಯಾಡಿಸಿ ಕಳಿಸಿದರು. ನಾಲ್ಕನೆಯ ಮುದುಕ ಮೇಸ್ತ್ರಿ ಕನ್ನಡಕ ಏರಿಸಿ, ಎರಡು ಕೆಪಾಸಿಟರು ಬದಲಿಸಿ, ಒಂದು ಬೆಸುಗೆ ಹಾಕಿಕೊಟ್ಟ.

ರಜೆಗೆ ಬಂದ ಮೊಮ್ಮಗ ಹತ್ತು ನಿಮಿಷ ಆಡಿ, “ಇದರಲ್ಲಿ ಏನೂ ಇಲ್ಲ ಅಜ್ಜ” ಎಂದು ತನ್ನ ಫೋನಿಗೆ ಮರಳಿದ. ಬಿಡಲಾರದೆ ಹೋದವರು ಅಜ್ಜ. ೧೯೮೮ರ ಕಾಂಟ್ರಾ ಎಂಬ ಗುಂಡಿನ ಆಟದಲ್ಲಿ ಮೂರು ಪ್ರಾಣಕ್ಕೆ ಬದಲು ಮೂವತ್ತು ಪಡೆಯುವ ಗುಟ್ಟನ್ನು ಮಗ ಫೋನಿನಲ್ಲಿ ಹೇಳಿಕೊಟ್ಟ: “ಅಪ್ಪಾ, ಮ್ಯಾಲೆ ಎರಡು ಸಲ ಒತ್ರಿ, ಕೆಳಗ ಎರಡು ಸಲ, ಎಡಕ್ಕ ಬಲಕ್ಕ, ಮತ್ತ ಎಡಕ್ಕ ಬಲಕ್ಕ, ಆಮ್ಯಾಲೆ ಬಿ, ಎ.” ಅವರು ಅದನ್ನು ಕ್ಯಾಲೆಂಡರಿನ ಬೆನ್ನಿಗೆ ಬರೆದಿಟ್ಟುಕೊಂಡಿದ್ದಾರೆ. ಈ ಗುಟ್ಟು ಕೋನಾಮಿ ಕಂಪನಿಯ ಕಾಜುಹಿಸಾ ಹಾಶಿಮೋಟೋ ಎಂಬವರದು. ೧೯೮೬ರ ಇನ್ನೊಂದು ಆಟವನ್ನು ಪರೀಕ್ಷಿಸುವಾಗ ತಮಗೇ ಅದು ಕಷ್ಟವಾದ್ದರಿಂದ ಹೀಗೊಂದು ಕಳ್ಳದಾರಿ ಇಟ್ಟುಕೊಂಡರು. ಅವರು ೨೦೨೦ರಲ್ಲಿ ತೀರಿಕೊಂಡರು. ವಾರಕ್ಕೆ ಒಮ್ಮೆ ಮಾತ್ರ ಬರುತ್ತಿದ್ದ ಮಗನ ಫೋನು ಈಗ ಎರಡು ಸಲ ಬರುತ್ತದೆಂದೂ, ತಮ್ಮನ್ನು ವಿಚಾರಿಸುವುದಕ್ಕಿಂತ ಅಪ್ಪ ಎಷ್ಟನೆಯ ಹಂತ ದಾಟಿದರೆಂದು ವಿಚಾರಿಸುವುದೇ ಹೆಚ್ಚೆಂದೂ ಆ ತಾಯಿಯ ದೂರು.

ಆ ನಾಲ್ಕನೆಯ ಮೇಸ್ತ್ರಿಯಂಥವರು ಇನ್ನೆಷ್ಟು ದಿನ? ನಿಂಟೆಂಡೋದವರೇ ೨೦೦೩ರಲ್ಲಿ ಫ್ಯಾಮಿಕಾಮಿನ ತಯಾರಿಕೆ ನಿಲ್ಲಿಸಿ, ಬಿಡಿಭಾಗ ಸಿಗದೆ ೨೦೦೭ರ ಅಕ್ಟೋಬರಿಗೆ ರಿಪೇರಿಯನ್ನೂ ಮುಗಿಸಿದರು. ಲ್ಯಾಮಿಂಗ್ಟನ್ ರಸ್ತೆಯಲ್ಲಿ ಈಗ ಮೊಬೈಲು, ಲ್ಯಾಪ್‌ಟಾಪು, ಕ್ಯಾಮೆರಾಗಳದೇ ಕಾರುಬಾರು. ಟಿ.ವಿ., ರೇಡಿಯೋ ಬಿಚ್ಚಿ ಕೈ ಪಳಗಿಸಿಕೊಂಡ ತಲೆಮಾರು ಅಂಗಡಿಯ ಹಿಂಬದಿಯ ಸ್ಟೂಲಿಗೆ ಸರಿದಿದೆ. ಸಾಮಾನು ಉಳಿದು ಕೈ ಹೋದರೂ ಒಂದೇ, ಕೈ ಉಳಿದು ಸಾಮಾನು ಹೋದರೂ ಒಂದೇ. ಆದ್ದರಿಂದ ಕಲಿಯುವ ಆಸೆಯಿರುವ ಹುಡುಗರು ೨೫ ವಾಟಿನ ಸಾಲ್ಡರ್ ಕಡ್ಡಿಯೊಂದನ್ನು ಕೊಂಡು ಅಂಥವರ ಪಕ್ಕದಲ್ಲಿ ನಾಲ್ಕು ಶನಿವಾರ ಕೂರಬೇಕೆಂದು ನಮ್ಮ ಆಗ್ರಹ. ಹಿಂದಿಯಲ್ಲಿ ವಿನಯದಿಂದ ಕೇಳಿ, ಚಹಾ ತರಿಸಿದರೆ ಇಲ್ಲವೆನ್ನುವವರು ಕಡಿಮೆ.

ಕೊಳ್ಳುವವರಿಗೆ: ಮಟನ್ ಸ್ಟ್ರೀಟಿನ ಚೋರ್ ಬಜಾರಿನಲ್ಲಿ, ಅದರಲ್ಲೂ ಶುಕ್ರವಾರ ಬೆಳಗಿನ ಜುಮ್ಮಾ ಬಜಾರಿನಲ್ಲಿ, ಅದೃಷ್ಟವಿದ್ದರೆ ರಾಶಿಯ ನಡುವೆ ಸಿಕ್ಕೀತು. ಹಳೆಯ ರೂಪದಲ್ಲೇ ಮೊನ್ನೆ ಮಾಡಿದ ಹೊಸ ನಕಲುಗಳೂ ಅಲ್ಲಿ ‘ಪುರಾನಾ’ ಎಂಬ ಹೆಸರಿನಲ್ಲಿ ಕುಳಿತಿರುತ್ತವೆ. ನಕಲಿನ ನಕಲಿಗೆ ಹೆಚ್ಚು ಹಣ ಕೊಡಬೇಡಿ. ಹಳದಿಯಾದ ಹೊದಿಕೆಯನ್ನು ಔಷಧ ಬಳಿದು ಬಿಸಿಲಲ್ಲಿಟ್ಟು ಬೆಳ್ಳಗೆ ಮಾಡುವವರಿದ್ದಾರೆ. ಹಾಗೆಯೇ ಬಿಟ್ಟರೆ ಚೆನ್ನ ಎಂಬುದು ನಮ್ಮ ಮತ.

ಮನೆಯಲ್ಲಿಯೇ ಇರುವವರಿಗೆ ನಮ್ಮ ಕೋರಿಕೆ ಸಣ್ಣದು. ಅಟ್ಟ ಇಳಿಸುವಾಗ ಪೆಟ್ಟಿಗೆ, ಅಡಾಪ್ಟರು, ಎರಡು ರಿಮೋಟು, ಕ್ಯಾಸೆಟ್ಟುಗಳು ಇವನ್ನು ಒಂದೇ ಚೀಲದಲ್ಲಿ ಕಟ್ಟಿಡಿ. ಮನೆ ಬದಲಾಯಿಸುವಾಗ ಅಡಾಪ್ಟರೇ ಮೊದಲು ಕಳೆಯುವುದು. ಯಾರು, ಯಾವ ವರ್ಷ, ಎಲ್ಲಿಂದ ತಂದರೆಂದು ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಒಳಗಿಡಿ. ಕ್ಯಾಸೆಟ್ಟಿನ ಮೇಲೆ ಮಕ್ಕಳು ಪೆನ್ನಿನಲ್ಲಿ ಬರೆದ ಹೆಸರನ್ನು ಒರೆಸಬೇಡಿ. ಮಳೆಗಾಲದಲ್ಲಿ ಸಿಲಿಕಾ ಜೆಲ್ಲಿನ ಒಂದೆರಡು ಪೊಟ್ಟಣ ಜೊತೆಗಿರಲಿ. ಇಡಲು ಜಾಗವೇ ಇಲ್ಲದವರು ಭಂಗಾರದವನನ್ನು ಕರೆಯುವ ಮೊದಲು ನಮಗೊಂದು ಕಾರ್ಡು ಬರೆಯಿರಿ. ಸಂಘದ ವಾಚನಾಲಯದಲ್ಲಿ ಇಂಥ ಪೆಟ್ಟಿಗೆಗಳಿಗೊಂದು ಕಪಾಟು, ಜೊತೆಗೊಂದು ದಪ್ಪ ಟಿ.ವಿ. ಇಡಲು ಅನುಮತಿ ಕೇಳಿದ್ದೇವೆ. ಕಾರ್ಯದರ್ಶಿಗಳು ಇನ್ನೂ ಉತ್ತರ ಕೊಟ್ಟಿಲ್ಲ. ಕೇರಂ ಮೇಜಿನ ಪಕ್ಕದ ಮೂಲೆ ಬಹಳ ದಿನದಿಂದ ಖಾಲಿಯಿದೆಯೆಂಬುದನ್ನು ಅವರ ಗಮನಕ್ಕೆ ತಂದಿದ್ದೇವೆ.